ಬಯಲಾಟದ ಗದ್ದೆಯಲ್ಲಿ ಬೀಡಿ, ಸಿಗರೇಟು: ಬಯಲು ಎಂದ ಮಾತ್ರಕ್ಕೆ ಕಾನೂನು ಇಲ್ಲವೇ?

ಮೂಲ್ಕಿಯ ಪ್ರೇಕ್ಷಕ:
ಬಯಲಾಟ, ಅಂದರೆ ಬಯಲಿನಲ್ಲಿ ರಾತ್ರಿಯಿಡೀ ಆಡುವ ಯಕ್ಷಗಾನ, ನಡೆಯುವ ಗದ್ದೆ ಕಾನೂನಿನ ಲೆಕ್ಕದಲ್ಲಿ ಸಾರ್ವಜನಿಕ ಸ್ಥಳವೇ, ಅಲ್ಲವೇ? ಕಾನೂನು ಬಲ್ಲವರು, ಆಟದ ಸಮಿತಿಗಳಲ್ಲಿ ಓಡಾಡಿದವರು ದಯವಿಟ್ಟು ಉತ್ತರಿಸಬೇಕು.

ನನ್ನ ತಾಯಿಗೆ ಉಬ್ಬಸ ಇದೆ. ಆದರೂ ಊರಿನಲ್ಲಿ ಹರಕೆಯ ಆಟ ಎಂದರೆ ಅವರು ಮನೆಯಲ್ಲಿ ಉಳಿಯುವವರಲ್ಲ. ಈ ಬಾರಿ ನಮ್ಮ ಎದುರಿನ ಸಾಲಿನಲ್ಲಿ ಕುಳಿತವರು ಒಂದು ಆರಿಸಿ ಇನ್ನೊಂದು ಹಚ್ಚುತ್ತಿದ್ದರು. ಎಲೆ ಅಲುಗದ ರಾತ್ರಿ, ಹೊಗೆ ಎದ್ದಲ್ಲೇ ನಿಂತಿತ್ತು. ಸ್ವಲ್ಪ ಆಚೆ ಹೋಗಿ ಸೇದಿ ಎಂದು ವಿನಯದಿಂದಲೇ ಕೇಳಿದೆ. ‘ಇದು ಸಿನಿಮಾ ಮಂದಿರ ಅಲ್ಲ ಮಾರಾಯರೇ, ಬಯಲು. ಬಯಲಿಗೆ ಕಾನೂನಿಲ್ಲ’ ಎಂದರು. ಸಮಿತಿಯವರ ಹತ್ತಿರ ಹೋದೆ. ‘ಬಂದವರಿಗೆ ನಾವು ಹೇಗೆ ಹೇಳುವುದು’ ಎಂದು ಕೈಚೆಲ್ಲಿದರು. ಮಹಿಷಾಸುರನ ಪ್ರವೇಶಕ್ಕೆ ಮೊದಲೇ ಅಮ್ಮನನ್ನು ಎಬ್ಬಿಸಿಕೊಂಡು ಮನೆಗೆ ಬರಬೇಕಾಯಿತು.

ಸೇದುವವರ ಮೇಲೆ ನನಗೆ ಹಗೆ ಇಲ್ಲ. ಆದರೆ ಎದ್ದು ಹೋಗಬೇಕಾದವರು ಯಾರು? ಸೇದುವವರೋ, ಉಸಿರಾಡುವವರೋ?

ಕದ್ರಿಗುಡ್ಡೆ:
ಬಯಲು ಎಂದರೆ ಬಯಲೇ. ಗಾಳಿ ಆಡುವ ಜಾಗದಲ್ಲೂ ಸೇದಬಾರದು ಎಂದರೆ ಸೇದುವವರು ಸಮುದ್ರಕ್ಕೆ ಹೋಗಬೇಕೇ?

ಉಡುಪಿ ವಕೀಲ:
ಕದ್ರಿಗುಡ್ಡೆಯವರೇ, ಅಷ್ಟು ಬೇಗ ತೀರ್ಪು ಕೊಡಬೇಡಿ. ಕೋಟ್ಪಾ ಎಂದು ಕರೆಯುವ 2003ರ ತಂಬಾಕು ನಿಯಂತ್ರಣ ಕಾಯ್ದೆಯ 4ನೇ ಸೆಕ್ಷನ್ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನವನ್ನು ನಿಷೇಧಿಸುತ್ತದೆ. ಸಾರ್ವಜನಿಕ ಸ್ಥಳ ಯಾವುದು ಎಂದು ವಿವರಿಸುವಲ್ಲಿ ಅದೇ ಕಾಯ್ದೆ ಬಯಲು ಜಾಗವನ್ನು ಹೊರಗಿಟ್ಟಿದೆ, ನಿಜ. ಎದುರಿನ ಸಾಲಿನವರು ಹಿಡಿದುಕೊಂಡಿರುವುದು ಈ ಅರ್ಧವನ್ನು. ಉಳಿದ ಅರ್ಧ 2008ರ ನಿಯಮಗಳಲ್ಲಿದೆ. ಆ ವರ್ಷದ ಅಕ್ಟೋಬರ್ 2ರಂದು ಜಾರಿಗೆ ಬಂದ ಆ ನಿಯಮಗಳು ತೆರೆದ ಸಭಾಂಗಣ, ಕ್ರೀಡಾಂಗಣ, ರೈಲು ನಿಲ್ದಾಣ, ಬಸ್ ನಿಲ್ದಾಣ ಮತ್ತು ಜನ ಬಂದು ಸೇರುವ ಅಂಥ ಇತರ ಸ್ಥಳಗಳನ್ನು ಬಯಲು ಎಂದು ಎಣಿಸಬಾರದು ಎನ್ನುತ್ತವೆ. ಗದ್ದೆಯಲ್ಲಿ ರಂಗಸ್ಥಳ ಕಟ್ಟಿ, ಕುರ್ಚಿ ಹಾಕಿ, ಧ್ವನಿವರ್ಧಕ ಇಟ್ಟು ಊರಿನವರನ್ನು ಕರೆದ ಮೇಲೆ ಆ ರಾತ್ರಿಯ ಮಟ್ಟಿಗೆ ಅದು ತೆರೆದ ಸಭಾಂಗಣ ಎಂಬುದು ನನ್ನ ವಾದ. ಮರುದಿನ ಕುರ್ಚಿ ತೆಗೆದ ಮೇಲೆ ಅದೇ ಗದ್ದೆಯ ಹುಣಿಯಲ್ಲಿ (ಬದುವಿನಲ್ಲಿ) ನಿಂತು ಒಬ್ಬರು ಸೇದಿದರೆ ನಾನು ಮಾತನಾಡುವುದಿಲ್ಲ.

ಇನ್ನೊಂದು ವಿಷಯ. ನಿಯಮದ ಪ್ರಕಾರ ಹೊಣೆ ಸೇದುವವನ ಮೇಲೆ ಮಾತ್ರ ಇಲ್ಲ. ಸ್ಥಳದ ಮಾಲೀಕರು, ವ್ಯವಸ್ಥಾಪಕರು, ಮೇಲ್ವಿಚಾರಕರು ನೋಡಿಕೊಳ್ಳಬೇಕು. 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಫಲಕ ಹಾಕಬೇಕು. ದೂರು ಯಾರಿಗೆ ಕೊಡಬೇಕು ಎಂಬುದನ್ನೂ ತಿಳಿಸಬೇಕು. ದೂರು ಬಂದ ಮೇಲೂ ಸುಮ್ಮನಿದ್ದರೆ ಎಷ್ಟು ಮಂದಿ ಸೇದಿದರೋ ಅಷ್ಟು ದಂಡ ಅವರ ತಲೆಗೆ. ‘ನಾವು ಹೇಗೆ ಹೇಳುವುದು’ ಎಂದ ಸಮಿತಿಯವರು ಇದನ್ನು ಓದಬೇಕು.

ಬೈಕಂಪಾಡಿ ಲಾರಿ:
ನಾನು ಸೇದುವವನು. ಲಾರಿ ಓಡಿಸುತ್ತೇನೆ. ಮೇಲಿನದನ್ನು ಓದಿದಾಗ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು ಎಂದು ನೇರವಾಗಿಯೇ ಹೇಳುತ್ತೇನೆ.

ಅಮ್ಮನಿಗೆ ಉಬ್ಬಸ ಎಂದು ಕೇಳಿದರೆ ನಾನು ಖಂಡಿತ ಎದ್ದು ಹೋಗುತ್ತೇನೆ. ಸೇದುವವರಲ್ಲಿ ಹೆಚ್ಚಿನವರು ಎದ್ದು ಹೋಗುತ್ತಾರೆ. ಆದರೆ ಇದೇ 2008ರ ನಿಯಮದಲ್ಲಿ ಇನ್ನೊಂದು ಸಾಲಿದೆ, ವಕೀಲರು ಅದನ್ನು ಯಾಕೆ ಬರೆಯಲಿಲ್ಲ? 30 ಕೋಣೆಗಳ ಹೋಟೆಲು, 30 ಮಂದಿ ಕುಳಿತುಕೊಳ್ಳುವ ರೆಸ್ಟೋರೆಂಟ್, ವಿಮಾನ ನಿಲ್ದಾಣ, ಇಲ್ಲಿ ಸೇದಲು ಬೇರೆ ಕೋಣೆ ಮಾಡಬಹುದು. ನಾನು ಚಹಾ ಕುಡಿಯುವ ಹೋಟೆಲಿನಲ್ಲಿ ನಾಲ್ಕು ಬೆಂಚು. ನನಗೆ ಕೋಣೆ ಇಲ್ಲ. ವಿಮಾನದಲ್ಲಿ ಹೋಗುವವನಿಗೆ ಗಾಜಿನ ಕೋಣೆ, ಲಾರಿಯವನಿಗೆ ದಂಡದ ಚೀಟಿ. ಒಂದು ಪ್ಯಾಕೆಟಿಗೆ ತೆರಿಗೆ ಇಬ್ಬರೂ ಒಂದೇ ಕೊಡುತ್ತೇವೆ.

ಉಡುಪಿ ವಕೀಲ:
ಲಾರಿ ಅಣ್ಣ ಹೇಳಿದ್ದು ಸರಿ, ಆ ವಿನಾಯಿತಿ ಇದೆ. ನನ್ನ ಮಟ್ಟಿಗೆ ಅದು ಇರಲೇಬಾರದು. ಕೇಂದ್ರ ಆರೋಗ್ಯ ಸಚಿವಾಲಯ ಸಿದ್ಧಪಡಿಸಿದ್ದ 2020ರ ತಿದ್ದುಪಡಿ ಕರಡಿನಲ್ಲಿ ಅದನ್ನು ಕಿತ್ತುಹಾಕುವ ಪ್ರಸ್ತಾವ ಇತ್ತು. ಅದು ಕಾನೂನಾಗಲಿಲ್ಲ.

ಬೈಕಂಪಾಡಿ ಲಾರಿ:
ಅಂದರೆ ನಿಮ್ಮ ನ್ಯಾಯ, ನನಗೂ ಕೋಣೆ ಕೊಡುವುದಲ್ಲ, ಅವನ ಕೋಣೆಯನ್ನೂ ಕಿತ್ತುಕೊಳ್ಳುವುದು.

ಉಡುಪಿ ವಕೀಲ:
ಹೌದು. ಆ ಕೋಣೆಯೊಳಗೆ ಲೋಟ ಎತ್ತಲು, ಕಸ ಗುಡಿಸಲು ಹೋಗುವವನು ಹೋಟೆಲಿನ ಹುಡುಗ. ಅವನಿಗೆ ಎದ್ದು ಆಚೆ ಹೋಗುವ ಅವಕಾಶ ಇಲ್ಲ.

ಕಂಕನಾಡಿಯ ನರ್ಸ್:
ಎದೆರೋಗ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಬಯಲಿನಲ್ಲಿ ಹೊಗೆ ತೊಂದರೆ ಮಾಡುವುದಿಲ್ಲ ಎಂಬ ಮಾತು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಗಾಳಿ ಬೀಸುವ ಬಯಲಿನಲ್ಲಿ ಒಂದೆರಡು ಮೀಟರ್ ದಾಟಿದರೆ ಹೊಗೆ ಬೇಗನೆ ತೆಳುವಾಗುತ್ತದೆ. ಆದರೆ ಮೊಣಕಾಲಿಗೆ ಬೆನ್ನು ತಾಗುವಂತೆ ಹಾಕಿದ ಕುರ್ಚಿಗಳಲ್ಲಿ ಎದುರಿನ ಸಾಲಿಗೂ ನಿಮಗೂ ಇರುವ ಅಂತರ ಒಂದು ಮೀಟರ್ ಕೂಡ ಅಲ್ಲ. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅವುಗಳಲ್ಲಿ ಕನಿಷ್ಠ 69 ಕ್ಯಾನ್ಸರ್‌ಕಾರಕ. ಸೇದುವವನು ಎಳೆದು ಬಿಟ್ಟ ಹೊಗೆಗಿಂತ ಬೆರಳಿನ ನಡುವೆ ಸುಮ್ಮನೆ ಉರಿಯುವ ತುದಿಯಿಂದ ಏಳುವ ಹೊಗೆಯೇ ಪಕ್ಕದವರಿಗೆ ಹೆಚ್ಚು ತಲುಪುವುದು.

ಮೂಲ್ಕಿಯವರೇ, ಅಮ್ಮನ ಇನ್‌ಹೇಲರ್ ಜೊತೆಯಲ್ಲೇ ಇರಲಿ.

ಕದ್ರಿಗುಡ್ಡೆ:
ಹಾಗಾದರೆ ದೊಂದಿ (ಪಂಜು), ರಾಳದ ಹೊಗೆ? ಮಹಿಷಾಸುರ ಬರುವಾಗ ಪ್ರೇಕ್ಷಕರ ನಡುವೆಯೇ ದೊಂದಿ ಹಿಡಿದು ರಾಳದ ಹುಡಿ ಎರಚುತ್ತಾರೆ. ಅದರ ಎದುರು ಸಿಗರೇಟಿನ ಹೊಗೆ ಏನು? ಅದನ್ನೂ ನಿಲ್ಲಿಸುವುದೇ?

ಕಂಕನಾಡಿಯ ನರ್ಸ್:
ಉಬ್ಬಸ ಇರುವವರಿಗೆ ರಾಳದ ಹೊಗೆಯೂ ಒಳ್ಳೆಯದಲ್ಲ. ಆ ಹೊತ್ತಿಗೆ ಹಿಂದೆ ಸರಿದು ಕುಳಿತುಕೊಳ್ಳಬೇಕು. ಆದರೆ ಅದು ಯಾವಾಗ ಬರುತ್ತದೆ ಎಂದು ಎಲ್ಲರಿಗೂ ಗೊತ್ತು, ಐದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಸಿಗರೇಟು ಆಟದ ಮೊದಲಿನ ಪೀಠಿಕೆಯಿಂದ ಕೊನೆಯ ಮಂಗಳದವರೆಗೆ ನಡೆಯುತ್ತದೆ.

ಚಂಡೆ ಮದ್ದಳೆ:
ಹಿಮ್ಮೇಳದಲ್ಲಿ, ಹಾಡು ಮತ್ತು ಚಂಡೆ ಮದ್ದಳೆಯವರ ಸಾಲಿನಲ್ಲಿ, ಕುಳಿತುಕೊಳ್ಳುವವನು ನಾನು. ರಂಗಸ್ಥಳದ ದೀಪಕ್ಕೆ ಎದುರಾಗಿ ಮೊದಲ ಸಾಲುಗಳ ಹೊಗೆ ತೆರೆಯ ಹಾಗೆ ಕಾಣುತ್ತದೆ. ಭಾಗವತರು ಏರುಶ್ರುತಿಯಲ್ಲಿ ಹಾಡಬೇಕು, ಒಂದೊಂದು ಪದ್ಯಕ್ಕೂ ಎದೆ ತುಂಬಾ ಉಸಿರು ಎಳೆದುಕೊಳ್ಳಬೇಕು. ಆ ಉಸಿರಿನಲ್ಲಿ ಹೋಗುವುದು ಯಾರೋ ಬಿಟ್ಟ ಹೊಗೆ. ಕಲಾವಿದರು ಊರೂರು ಸುತ್ತಿ ಆಡುವ ಆರು ತಿಂಗಳ ತಿರುಗಾಟದಲ್ಲಿ ರಾತ್ರಿ ರಾತ್ರಿ ಇದನ್ನೇ ಉಸಿರಾಡುತ್ತಾರೆ. ಪ್ರೇಕ್ಷಕರು ಬೇಸರವಾದರೆ ಮನೆಗೆ ಹೋಗಬಹುದು. ಭಾಗವತರು ಹೋಗಲಾಗುವುದಿಲ್ಲ.

ನಮ್ಮವರ ವಿಷಯವನ್ನೂ ಹೇಳಬೇಕು. ಚೌಕಿಯ (ಬಣ್ಣದ ಮನೆಯ) ಹಿಂದೆ ನಿಂತು ಸೇದುವ ಕಲಾವಿದರು ಇದ್ದಾರೆ. ನಿದ್ದೆಗೆಟ್ಟು ದುಡಿಯುವ ಮೈಗೆ ಅದೊಂದು ಆಸರೆ ಎನ್ನುತ್ತಾರೆ. ಅವರನ್ನು ಬೈಯುವುದಕ್ಕಿಂತ, ಬಿಡಬೇಕು ಎನ್ನುವವರಿಗೆ ದಾರಿ ತೋರಿಸುವವರು ಬೇಕು.

ಬಯಲಾಟಪ್ರಿಯ:
ಕಾಲಮಿತಿಯ ಆಟವಾದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಬೆಳಗಿನವರೆಗೆ ಎಚ್ಚರ ಇರಬೇಕು ಎಂದೇ ಜನ ಸೇದುವುದು, ಚಹಾ ಕುಡಿಯುವುದು.

ಚಂಡೆ ಮದ್ದಳೆ:
ಆ ಮಾತು ಇಲ್ಲಿ ಬೇಡ. ಕಾಲಮಿತಿಯಲ್ಲಿ ಪ್ರಸಂಗದ ಎಷ್ಟು ಪದ್ಯಗಳು ಕತ್ತರಿಗೆ ಸಿಕ್ಕುತ್ತವೆ ಎಂದು ಕುಳಿತು ಲೆಕ್ಕ ಹಾಕೋಣ ಎಂದರೆ ಬೇರೆ ಚರ್ಚೆ ತೆರೆಯಿರಿ.

ಬಯಲಾಟಪ್ರಿಯ:
ತೆರೆಯುತ್ತೇನೆ, ಬನ್ನಿ.

ಕಾಸರಗೋಡಿನ ಕನ್ನಡಿಗ:
ನಿಮ್ಮ ಕಾನೂನು 2003ರದು. ಕೇರಳದಲ್ಲಿರುವ ನಮಗೆ ಅದಕ್ಕಿಂತ ಮೊದಲೇ ಬಂದಿತ್ತು. 1999ರ ಜುಲೈಯಲ್ಲಿ ಕೇರಳ ಹೈಕೋರ್ಟ್ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ಸಂವಿಧಾನದ 21ನೇ ವಿಧಿಗೆ, ಅಂದರೆ ಬದುಕುವ ಹಕ್ಕಿಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಅರ್ಜಿ ಹಾಕಿದವರಲ್ಲಿ ಮೋನಮ್ಮ ಕೊಕ್ಕಾಡ್ ಎಂಬ ಅಧ್ಯಾಪಕಿ ಇದ್ದರು. ಆಗ ನಾನು ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಪೊಲೀಸರು ನಿಲ್ದಾಣದಲ್ಲಿ ಬೀಡಿ ಹಿಡಿದವರನ್ನು ನಿಲ್ಲಿಸಲು ತೊಡಗಿದಾಗ ‘ಇದು ಒಂದು ತಿಂಗಳ ಕಥೆ’ ಎಂದು ಎಲ್ಲರೂ ಹೇಳಿದ್ದರು. ಒಂದು ತಿಂಗಳಿಗೆ ಮುಗಿಯಲಿಲ್ಲ, ಜನರ ರೂಢಿಯೇ ಬದಲಾಯಿತು. ಈಗಲೂ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಬಂದಾಗ ಬಸ್ ನಿಲ್ದಾಣದ ಕಂಬದ ಹತ್ತಿರ ಯಾರಾದರೂ ಹಚ್ಚಿ ನಿಂತದ್ದು ಕಂಡರೆ ನನಗೆ ಅಚ್ಚರಿ.

ಆ ತೀರ್ಪಿನ ಬಳಿಕ 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮುರಳಿ ದೇವರಾ ಅವರ ಅರ್ಜಿಯಲ್ಲಿ ಇಡೀ ದೇಶಕ್ಕೆ ಆಸ್ಪತ್ರೆ, ಶಾಲೆ, ಗ್ರಂಥಾಲಯ, ನ್ಯಾಯಾಲಯ, ಕಚೇರಿ, ಬಸ್ಸು, ರೈಲುಗಳಲ್ಲಿ ಸೇದಬಾರದು ಎಂದಿತು. ಕಾಯ್ದೆ ಬಂದದ್ದು ಅದರ ಹಿಂದಿನಿಂದ.

ಸರ್ವಿಸ್ ಬಸ್ ಕಂಡಕ್ಟರ್:
ಬಸ್ಸಿನೊಳಗೆ ಈಗ ಯಾರೂ ಸೇದುವುದಿಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ. ನಾನು ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿಂದಿನ ಸೀಟಿನ ಕಿಟಕಿಯ ಹತ್ತಿರ ಬೀಡಿ ಹಚ್ಚಿಕೊಂಡು ಹೋಗುವವರು ಇದ್ದರು, ಬಿಡಿ ಎಂದರೆ ಜಗಳ. ಈಗ ಒಬ್ಬ ಹಚ್ಚಿದರೆ ನಾನು ಬಾಯಿ ತೆರೆಯುವ ಮೊದಲು ಹೆಂಗಸರೇ ಎದ್ದು ನಿಲ್ಲುತ್ತಾರೆ. ದಂಡಕ್ಕಿಂತ ಆ ಹೆಂಗಸರ ಧ್ವನಿ ಹೆಚ್ಚು ಕೆಲಸ ಮಾಡಿದೆ.

ಸಮಸ್ಯೆ ಉಳಿದಿರುವುದು ನಿಲ್ದಾಣದಲ್ಲಿ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಹೊರಡುವ ಟೈಮಿಂಗ್‌ಗೆ ಕಾಯುವಾಗ ಬಸ್ಸಿನ ಬಾಗಿಲಿನ ಹತ್ತಿರವೇ ಹಚ್ಚುತ್ತಾರೆ, ಹೊಗೆ ನೇರ ಒಳಗೆ. ಅವರಲ್ಲಿ ನಮ್ಮ ಚಾಲಕರೂ ಇರುತ್ತಾರೆ. ಮಾತು ಹೊರಡುವುದಿಲ್ಲ, ಇಡೀ ದಿನ ಜೊತೆಯಲ್ಲಿ ದುಡಿಯಬೇಕಲ್ಲ.

ನಿವೃತ್ತ ಮೇಷ್ಟ್ರು:
ದಂಡ ಹಾಕುವ ಅಧಿಕಾರ ಪೊಲೀಸರಿಗೆ ಮಾತ್ರ ಎಂದು ಹೆಚ್ಚಿನವರು ತಿಳಿದಿದ್ದಾರೆ. ಹಾಗಲ್ಲ. ಶಾಲೆಯಲ್ಲಿ ಮುಖ್ಯೋಪಾಧ್ಯಾಯರು, ಗ್ರಂಥಾಲಯದಲ್ಲಿ ಗ್ರಂಥಪಾಲಕರು, ಅಂಚೆ ಕಚೇರಿಯಲ್ಲಿ ಪೋಸ್ಟ್ ಮಾಸ್ಟರ್, ಇವರಿಗೆಲ್ಲ ತಮ್ಮ ಆವರಣದಲ್ಲಿ ಆ ಅಧಿಕಾರವನ್ನು 2008ರ ನಿಯಮವೇ ಕೊಟ್ಟಿದೆ. ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಶಾಲೆಯ ಜಗಲಿಯಲ್ಲಿ ಗ್ರಾಮಸಭೆ ನಡೆಯುತ್ತಿತ್ತು. ಊರಿನ ದೊಡ್ಡ ಮನೆಯವರೊಬ್ಬರು ಮಕ್ಕಳ ಎದುರೇ ಸಿಗರೇಟು ತೆಗೆದರು. ಎದ್ದು ಹೋಗಿ, ‘ಇಲ್ಲಿ ಹಚ್ಚಿದರೆ ರಸೀದಿ ಬರೆಯಬೇಕಾಗುತ್ತದೆ’ ಎಂದೆ. ಅವರು ಸಿಗರೇಟನ್ನು ಕಿಸೆಗೆ ಹಾಕಿಕೊಂಡರು, ಸಭೆ ಮುಗಿದ ಮೇಲೂ ನನ್ನ ಜೊತೆ ಮೊದಲಿನಂತೆಯೇ ಮಾತನಾಡಿದರು. ಜನ ನಾವು ಹೆದರುವಷ್ಟು ಕೆಟ್ಟವರಲ್ಲ.

ಮಕ್ಕಳಿಂದ ಗುಲಾಬಿ ಕೊಡಿಸುವ ಗುಲಾಬಿ ಆಂದೋಲನವನ್ನೂ ಮಾಡಿದ್ದೆವು. ಮಗು ಹೂವು ಹಿಡಿದು ‘ಮಾಮ, ಸೇದಬೇಡಿ’ ಎಂದಾಗ ತಲೆ ತಗ್ಗಿಸಿದವರನ್ನು ಕಂಡಿದ್ದೇನೆ.

ಬೈಕಂಪಾಡಿ ಲಾರಿ:
ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇದೆ. ಆದರೆ ಬೀದಿಯಲ್ಲಿ ಮಕ್ಕಳಿಂದ ಹೂವು ಕೊಡಿಸಿ ನಾಚಿಸುವುದು ನನಗೆ ಸರಿ ಕಾಣುವುದಿಲ್ಲ. ಒಬ್ಬ ಮನುಷ್ಯನಿಗೆ ಎದುರು ನಿಂತು ‘ಅಣ್ಣ, ನನಗೆ ತೊಂದರೆಯಾಗುತ್ತದೆ’ ಎಂದು ಹೇಳುವುದು ಬೇರೆ, ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾ ಹೂವು ಕೊಡುವುದು ಬೇರೆ.

ನಿವೃತ್ತ ಮೇಷ್ಟ್ರು:
ಫೋಟೋದ ಮಾತು ಒಪ್ಪುತ್ತೇನೆ. ಹೂವಿನದನ್ನು ಒಪ್ಪುವುದಿಲ್ಲ.

ಬಂಟ್ವಾಳದ ಮಗಳು:
ಇಲ್ಲಿ ಇಷ್ಟು ಮಂದಿ ಬರೆದಿದ್ದೀರಿ, ಬೀಡಿ ಎಲ್ಲಿಂದ ಬರುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಅದು ನಮ್ಮ ಮನೆಯ ಜಗಲಿಯಿಂದ ಬರುತ್ತದೆ.

ನನ್ನ ತಾಯಿ ಮದುವೆಗೆ ಮೊದಲೇ ಬೀಡಿ ಕಟ್ಟಲು ಕಲಿತವರು. ಮಡಿಲಲ್ಲಿ ತಡಪೆ (ಮೊರ), ಎಲೆ ಕತ್ತರಿಸುವುದು, ಹೊಗೆಸೊಪ್ಪು ತುಂಬುವುದು, ಸುತ್ತುವುದು, ನೂಲು ಕಟ್ಟುವುದು, ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋಗುವುದು. ನನ್ನ ಶಾಲೆಯ ಫೀಸು, ಅಕ್ಕನ ಮದುವೆಯ ಚಿನ್ನ, ಮನೆಯ ಹೆಂಚು, ಎಲ್ಲವೂ ಆ ತಡಪೆಯಿಂದ. ಬಂಟ್ವಾಳ, ಬೆಳ್ತಂಗಡಿ, ಪುತ್ತೂರು ಕಡೆ ಗದ್ದೆ ಇಲ್ಲದ ಮನೆಗಳ ಹೆಂಗಸರ ಕೈಯಲ್ಲಿ ನಾಲ್ಕು ಕಾಸು ಆಡಿದ್ದು ಬೀಡಿಯಿಂದಲೇ. ಭವಿಷ್ಯ ನಿಧಿ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಯಾವುದೋ ಕಚೇರಿಯ ನೌಕರರಿಂದ ಅಲ್ಲ, ಅಮ್ಮನಿಂದ. ಬೀಡಿ ಕಾರ್ಮಿಕರ ಮಕ್ಕಳಿಗೆ ಸಿಗುವ ವಿದ್ಯಾರ್ಥಿವೇತನದಿಂದ ನಾನು ಕಾಲೇಜು ಓದಿದೆ.

ಹಾಗೆಂದು ಸೇದುವವರ ಪರ ಮಾತನಾಡುತ್ತಿಲ್ಲ. ಸೇದದೆಯೇ ತಂಬಾಕಿನ ದೂಳನ್ನು ಜೀವನವಿಡೀ ಉಸಿರಾಡಿದವರು ನಮ್ಮ ಅಮ್ಮಂದಿರು. ಕೆಮ್ಮು, ಕಣ್ಣುರಿ, ಬೆನ್ನು ನೋವು ಎಂದರೆ ‘ಬೀಡಿ ಕಟ್ಟುವವರಿಗೆ ಅದೆಲ್ಲ ಇದ್ದದ್ದೇ’ ಎಂದು ಎಲ್ಲರೂ ತಳ್ಳಿಹಾಕಿದರು. ಇಂದು ಆಟದ ಗದ್ದೆಯ ಹೊಗೆಯ ಬಗ್ಗೆ ಮಾತನಾಡುವವರು ಆ ಜಗಲಿಯ ದೂಳಿನ ಬಗ್ಗೆಯೂ ಮಾತನಾಡಬೇಕು ಎಂಬುದು ನನ್ನ ಬೇಡಿಕೆ. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಸಾವಿರ ರೂಪಾಯಿವರೆಗೆ ದಂಡ. ಸಾವಿರ ಬೀಡಿ ಕಟ್ಟಿದರೆ ಸಿಗುವ ಕೂಲಿ ಅದರ ಅರ್ಧವೂ ಆಗುವುದಿಲ್ಲ.

ಕದ್ರಿಗುಡ್ಡೆ:
ಅಕ್ಕ, ಅದನ್ನೇ ನಾನೂ ಹೇಳುವುದು. ಜನ ಸೇದುವುದು ಬಿಟ್ಟರೆ ನಿಮ್ಮ ಮನೆಯ ಒಲೆ ಉರಿಯುವುದು ಹೇಗೆ?

ಬಂಟ್ವಾಳದ ಮಗಳು:
ನನ್ನ ತಾಯಿಯ ಹೆಸರಿನಲ್ಲಿ ನಿಮ್ಮ ಸಿಗರೇಟು ಹಚ್ಚಬೇಡಿ. ನೀವು ಸೇದುವುದು ಪ್ಯಾಕೆಟಿನ ಸಿಗರೇಟು, ಅದು ಕಾರ್ಖಾನೆಯಲ್ಲಿ ಯಂತ್ರ ಸುತ್ತಿದ್ದು. ಬೀಡಿ ಕೆಲಸ ನಿಧಾನವಾಗಿ ಕಡಿಮೆಯಾಗುತ್ತಿದೆ ಎಂದು ನಮಗೂ ಗೊತ್ತು. ವಾರಕ್ಕೆ ಎಲ್ಲ ದಿನವೂ ಎಲೆ ಸಿಗುವ ಕಾಲ ಹೋಯಿತು. ನಮಗೆ ಬೇಕಾದದ್ದು ಸೇದುವವರ ಸಂಖ್ಯೆ ಹೆಚ್ಚುವುದಲ್ಲ, ಬೇರೆ ಕೆಲಸ ಮತ್ತು ವಯಸ್ಸಾದವರಿಗೆ ನೆಟ್ಟಗಿನ ಪಿಂಚಣಿ.

ಕಂಕನಾಡಿಯ ನರ್ಸ್:
ಬಂಟ್ವಾಳದ ಅಕ್ಕ ಬರೆದದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಬೀಡಿ ಎಲೆಯದು, ಹಾಗಾಗಿ ಸಿಗರೇಟಿನಷ್ಟು ಕೆಡುಕಲ್ಲ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ತಪ್ಪು. ಬೀಡಿ ಆರದಂತೆ ನೋಡಿಕೊಳ್ಳಲು ಬಲವಾಗಿ, ಮತ್ತೆ ಮತ್ತೆ ಎಳೆಯಬೇಕಾಗುತ್ತದೆ, ಒಳಗೆ ಹೋಗುವ ವಿಷ ಕಡಿಮೆಯೇನಲ್ಲ.

ಮಣಿಪಾಲ 20:
ದಂಡ ಸಾವಿರ ಎಂದು ಕೆಲವರು, 200 ಎಂದು ಕೆಲವರು ಹೇಳುತ್ತಾರೆ. ಯಾವುದು ಸರಿ?

ಉಡುಪಿ ವಕೀಲ:
ಮೊದಲು 200 ಇತ್ತು. ಕರ್ನಾಟಕದ ವಿಧಾನಮಂಡಲ 2024ರಲ್ಲಿ ತಿದ್ದುಪಡಿ ಅಂಗೀಕರಿಸಿತು, ರಾಷ್ಟ್ರಪತಿಗಳ ಅಂಕಿತ ಸಿಕ್ಕಿ 2025ರ ಮೇ ಕೊನೆಯಲ್ಲಿ ಪ್ರಕಟವಾಯಿತು. ಈಗ ನಮ್ಮ ರಾಜ್ಯದಲ್ಲಿ ದಂಡ ಒಂದು ಸಾವಿರದವರೆಗೆ. ಮಾರಾಟದ ವಯಸ್ಸು 18ರಿಂದ 21ಕ್ಕೆ ಏರಿದೆ, ಬಿಡಿ ಸಿಗರೇಟು ಮಾರುವಂತಿಲ್ಲ, ಶಾಲೆ ಕಾಲೇಜಿನಿಂದ 100 ಮೀಟರ್ ಒಳಗೆ ಮಾರುವಂತಿಲ್ಲ. ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಜೈಲು, 50,000ದಿಂದ ಒಂದು ಲಕ್ಷದವರೆಗೆ ದಂಡ. ಸಾರ್ವಜನಿಕ ಸ್ಥಳದಲ್ಲಿ ಸೇದುವುದಷ್ಟೇ ಅಲ್ಲ, ತಂಬಾಕು ಜಗಿಯುವುದು, ಉಗುಳುವುದೂ ನಿಷೇಧದೊಳಗೆ ಬಂದಿದೆ.

ಮಣಿಪಾಲ 20:
ನನಗೆ 20 ವರ್ಷ. ನಾನು ಸೇದುವುದಿಲ್ಲ, ಸೇದುವ ಆಸೆಯೂ ಇಲ್ಲ. ಆದರೂ ಕೇಳುತ್ತೇನೆ: 18ಕ್ಕೆ ಶಾಸಕರನ್ನು ಆರಿಸುವಷ್ಟು ಬುದ್ಧಿ ಇರುವ ನನಗೆ, ನನ್ನ ಶ್ವಾಸಕೋಶದ ಬಗ್ಗೆ ತೀರ್ಮಾನಿಸುವ ಬುದ್ಧಿ ಇಲ್ಲವೇ? ಪಕ್ಕದವರಿಗೆ ಹೊಗೆ ತಾಗದಂತೆ ತಡೆಯುವ ಕಾನೂನು ಒಂದು ಜಾತಿ, ನನ್ನನ್ನು ನನ್ನಿಂದ ಕಾಪಾಡುವ ಕಾನೂನು ಇನ್ನೊಂದು ಜಾತಿ. ಎರಡನ್ನೂ ಒಂದೇ ಚೀಲಕ್ಕೆ ಹಾಕುತ್ತಿದ್ದೀರಿ.

ಬಿಟ್ಟವನು:
ಮಣಿಪಾಲದ ತಮ್ಮ, ನಿನ್ನ ವಾದ ಚೆನ್ನಾಗಿದೆ. ಆದರೆ ‘ತೀರ್ಮಾನ’ ಎಂಬುದು ಅಲ್ಲಿ ನಡೆಯುವುದೇ ಇಲ್ಲ. ನಾನು ಹಾಸ್ಟೆಲಿನಲ್ಲಿ ಶುರು ಮಾಡಿದೆ. ಗೂಡಂಗಡಿಯಲ್ಲಿ ಒಂದೇ ಒಂದು ಸಿಗರೇಟು, ಅಲ್ಲೇ ನೇತುಹಾಕಿದ ಉರಿಯುವ ಹಗ್ಗ. ಪ್ಯಾಕೆಟಿನ ಮೇಲೆ 85 ಶೇಕಡ ಜಾಗದಲ್ಲಿ ಕ್ಯಾನ್ಸರ್ ಚಿತ್ರ ಇರುತ್ತದೆ ಎನ್ನುತ್ತಾರೆ, ಬಿಡಿಯಾಗಿ ಕೊಳ್ಳುವವನು ಆ ಪ್ಯಾಕೆಟನ್ನು ಕೈಯಲ್ಲಿ ಹಿಡಿಯುವುದೇ ಇಲ್ಲ. ನಾನು ನಿರ್ಧಾರ ಮಾಡಿ ಸೇದಲು ಹೊರಟವನಲ್ಲ. ಬಿಡುವಾಗ ಮಾತ್ರ ನಿರ್ಧಾರ ಮಾಡಬೇಕಾಯಿತು, ಎಷ್ಟೋ ಸಲ.

ಸಾರ್ವಜನಿಕ ನಿಷೇಧ ನನ್ನಂಥವನಿಗೆ ಉಪಕಾರವನ್ನೇ ಮಾಡಿತು. ಕಚೇರಿಯಲ್ಲಿ ಸೇದಬೇಕಾದರೆ ಮೂರು ಮಹಡಿ ಇಳಿದು ಗೇಟಿನಾಚೆ ಹೋಗಬೇಕು. ಮಳೆಗಾಲದಲ್ಲಿ ಕೊಡೆ ಹಿಡಿದು ನಿಲ್ಲಬೇಕು. ಹೀಗೆ ದಿನದ ಲೆಕ್ಕ ತಾನಾಗಿ ಇಳಿಯಿತು. ಆಮೇಲೆ ಪ್ಯಾಕೆಟಿನ ಮೇಲೆಯೇ ಅಚ್ಚಾಗಿರುವ ರಾಷ್ಟ್ರೀಯ ಸಹಾಯವಾಣಿ 1800 11 2356ಕ್ಕೆ ಕರೆ ಮಾಡಿದೆ. ಕರೆಗೆ ದುಡ್ಡಿಲ್ಲ. ಬಿಟ್ಟ ಮೊದಲ ವಾರ ಅವರೇ ಮತ್ತೆ ಕರೆ ಮಾಡಿ ವಿಚಾರಿಸಿದರು. 2 ಮಿಲಿಗ್ರಾಂ ನಿಕೋಟಿನ್ ಗಮ್ ಚೀಟಿ ಇಲ್ಲದೆಯೂ ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಚಂಡೆ ಮದ್ದಳೆಯವರೇ, ನೀವು ಕೇಳಿದ ದಾರಿ ಇದು. ಚೌಕಿಯಲ್ಲಿರುವ ಗೆಳೆಯರಿಗೆ ಕೊಡಿ.

ಬಲ್ಮಠದ ಓದುಗಳು:
ನಾನು ಸೇದುತ್ತೇನೆ, ನಾನು ಹೆಣ್ಣು. ಇಲ್ಲಿ ಎಲ್ಲರೂ ‘ಎದ್ದು ಆಚೆ ಹೋಗಿ ಸೇದಲಿ’ ಎನ್ನುತ್ತಿದ್ದೀರಿ. ನಾನು ಯಾರಿಗೂ ಹೊಗೆ ತಾಗದ ಮೂಲೆಗೆ ಹೋದರೆ ಅಲ್ಲಿಗೂ ಹಿಂದೆಯೇ ಬಂದು ಬುದ್ಧಿ ಹೇಳುವವರಿದ್ದಾರೆ. ಪಕ್ಕದಲ್ಲೇ ನಾಲ್ವರು ಗಂಡಸರು ಸೇದುತ್ತಿದ್ದರೂ ಅವರ ಕಣ್ಣಿಗೆ ಬೀಳುವುದು ನಾನೊಬ್ಬಳೇ. ಅವರ ಸಿಟ್ಟು ಹೊಗೆಯ ಮೇಲಲ್ಲ. ಕಾನೂನನ್ನು ಜಾರಿ ಮಾಡಿ, ನಾನು ಪಾಲಿಸುತ್ತೇನೆ. ಆದರೆ ಅದನ್ನು ಜಾರಿ ಮಾಡುವ ಕೆಲಸವನ್ನು ದಾರಿಹೋಕರ ಕೈಗೆ ಕೊಡಬೇಡಿ. ನಮ್ಮ ಊರಿನಲ್ಲಿ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನಿಮಗೆಲ್ಲ ಗೊತ್ತಿದೆ.

ಸರ್ವಿಸ್ ಬಸ್ ಕಂಡಕ್ಟರ್:
ಅಕ್ಕ ಹೇಳಿದ್ದರಲ್ಲಿ ಸತ್ಯ ಇದೆ.

ಕಾಸರಗೋಡಿನ ಕನ್ನಡಿಗ:
ಅದಕ್ಕೇ ಫಲಕದಲ್ಲಿ ಒಬ್ಬ ಹೊಣೆಗಾರರ ಹೆಸರು ಇರಬೇಕು ಎಂದು ನಿಯಮ ಹೇಳುವುದು. ಗುಂಪಿನ ಕೆಲಸ ಆಗಬಾರದು.

ಮಲ್ಪೆ ಬಂದರು:
ಬೋಟಿನಲ್ಲಿ ಹತ್ತು ದಿನ ನಾವೇ ನಾವು. ಅಲ್ಲಿ ಸೇದಿದರೆ ಕೇಳುವವರಿಲ್ಲ. ಬಂದರಿಗೆ ಬಂದು ಮೀನು ಏಲಂ ಆಗುವಾಗಲೂ ಎಲ್ಲರ ಬಾಯಲ್ಲೂ ಬೀಡಿ. ಮೀನು ಆಯುವ ಹೆಂಗಸರು ಅಲ್ಲೇ ಕೆಳಗೆ ಕುಳಿತಿರುತ್ತಾರೆ. ಅವರು ಎಂದೂ ದೂರು ಹೇಳಿದ್ದಿಲ್ಲ. ಈ ಚರ್ಚೆ ಓದಿದ ಮೇಲೆ, ನಾವು ಒಮ್ಮೆಯೂ ಅವರನ್ನು ಕೇಳಿಲ್ಲ ಎಂಬುದು ತಲೆಗೆ ಬಂತು.

ಕದ್ರಿಗುಡ್ಡೆ:
ತಂಬಾಕು ಜಗಿಯುವುದೂ ನಿಷೇಧ ಎಂದರಲ್ಲ ವಕೀಲರೇ, ಹಾಗಾದರೆ ಮುಂದಿನ ಸಾಲಿನಲ್ಲಿ ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸಿ ಬಾಯಿಗೆ ಹಾಕಿಕೊಂಡು ಆಟ ನೋಡುವ ಅಜ್ಜಿಗೂ ಸಾವಿರ ರೂಪಾಯಿ ದಂಡವೇ?

ಉಡುಪಿ ವಕೀಲ:
ಅಕ್ಷರಕ್ಕೆ ಅಕ್ಷರ ಹಿಡಿದರೆ, ಹೌದು.

ಮೂಲ್ಕಿಯ ಪ್ರೇಕ್ಷಕ:
ನನಗೆ ಇದು ಒಪ್ಪಿಗೆಯಿಲ್ಲ. ಅಜ್ಜಿ ಜಗಿಯುವ ಹೊಗೆಸೊಪ್ಪು ಪಕ್ಕದ ಕುರ್ಚಿಗೆ ಬರುವುದಿಲ್ಲ. ಉಗುಳುವುದನ್ನು ತಡೆಯಿರಿ, ಸರಿ.

ಕಂಕನಾಡಿಯ ನರ್ಸ್:
ಬಾಯಿಯ ಕ್ಯಾನ್ಸರಿನ ರೋಗಿಗಳನ್ನು ನೋಡಿದ ಮೇಲೆ ಅಜ್ಜಿಯ ಬಗ್ಗೆಯೂ ನನಗೆ ಮರುಕವೇ. ಆದರೆ ದಂಡ ಅವರಿಗೆ ಮದ್ದಲ್ಲ, ಅದನ್ನು ಒಪ್ಪುತ್ತೇನೆ.

ವೇದಿಕೆ ನಿರ್ವಾಹಕ:
ಕಾಲಮಿತಿಯ ಚರ್ಚೆಯನ್ನು ಬೇರೆ ಎಳೆಗೆ ಸರಿಸಲಾಗಿದೆ. ವೈಯಕ್ತಿಕ ನಿಂದನೆಯ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ. ಮುಂದುವರಿಸಿ.

ಆಟದ ಸಮಿತಿಯವ:
ನಮ್ಮ ಊರಿನಲ್ಲಿ ಕಳೆದ ತಿರುಗಾಟದಿಂದ ಏನು ಮಾಡುತ್ತಿದ್ದೇವೆ ಎಂದು ಹೇಳುತ್ತೇನೆ. ನಮಗೆ ಇದು ಹೊಗೆಯ ಪ್ರಶ್ನೆಯಾಗಿ ಶುರುವಾದದ್ದಲ್ಲ, ಬೆಂಕಿಯ ಪ್ರಶ್ನೆಯಾಗಿ. ಕೊಯಿಲು ಮುಗಿದ ಗದ್ದೆ, ಒಣಗಿದ ಕೂಳೆ, ಮೇಲೆ ತೆಂಗಿನ ಮಡಲಿನ ಚಪ್ಪರ. ಯಾರೋ ಎಸೆದ ಬೀಡಿಯ ತುಂಡಿನಿಂದ ಚಪ್ಪರದ ಮೂಲೆ ಹೊತ್ತಿಕೊಂಡಿತು. ಹುಡುಗರು ಕೂಡಲೇ ನೀರು ಹೊಯ್ದರು. ಮಕ್ಕಳು ಮಲಗಿದ್ದ ಚಾಪೆ ಅಲ್ಲಿಂದ ದೂರವಿರಲಿಲ್ಲ. ಮರುವರ್ಷ ಆಟಕ್ಕೆ ಮೊದಲಿನ ‘ಕೇಳಿ’ ಬಾರಿಸುವ ಮುನ್ನ ಧ್ವನಿವರ್ಧಕದಲ್ಲಿ ಘೋಷಣೆ, ನಡುವೆ ಇನ್ನೊಮ್ಮೆ. ಜನರೇಟರ್ ಇಡುವ ಕಡೆಗೆ ವಿರುದ್ಧ ದಿಕ್ಕಿನಲ್ಲಿ, ಗದ್ದೆ ದಾಟಿ ಒಂದು ಬಕೆಟಿನಲ್ಲಿ ಮರಳು ತುಂಬಿ ಇಟ್ಟೆವು. ಸೇದುವವರು ಅಲ್ಲಿಗೆ ಹೋಗುತ್ತಾರೆ. ಜಗಳ ಆಗಲಿಲ್ಲ.

ಉಡುಪಿ ವಕೀಲ:
ಒಳ್ಳೆಯ ಕೆಲಸ. ಆದರೆ ಆ ಬಕೆಟು ಆಟದ ಜಾಗದ ಒಳಗೆ ಇರಬಾರದು. ಸಾರ್ವಜನಿಕ ಸ್ಥಳದಲ್ಲಿ ಬೂದಿಬಟ್ಟಲು, ಬೆಂಕಿಪೊಟ್ಟಣ, ಲೈಟರ್ ಒದಗಿಸಬಾರದು ಎಂದು ನಿಯಮ ಇದೆ. ಮರಳಿನ ಬಕೆಟೂ ಬೂದಿಬಟ್ಟಲೇ ಎಂದು ಯಾರಾದರೂ ವಾದಿಸಬಹುದು.

ಬೈಕಂಪಾಡಿ ಲಾರಿ:
ಇದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು. ಒಂದು ಬಕೆಟು ಮರಳು ಇಟ್ಟು ‘ಅಣ್ಣ, ಅಲ್ಲಿ’ ಎಂದರೆ ಒಬ್ಬನೂ ಬೇಡ ಎನ್ನುವುದಿಲ್ಲ. ಆ ಬಕೆಟನ್ನೂ ಕಾನೂನು ಎತ್ತಿಸಿದರೆ ತುಂಡು ಮತ್ತೆ ಗದ್ದೆಗೇ ಬೀಳುತ್ತದೆ.

ಆಟದ ಸಮಿತಿಯವ:
ವಕೀಲರೇ, ಬಕೆಟು ಗದ್ದೆಯ ಹುಣಿ ದಾಟಿ ತೋಡಿನ (ಸಣ್ಣ ಹಳ್ಳದ) ಆಚೆ, ಬೇರೆಯವರ ಜಾಗದಲ್ಲಿದೆ. ಜಾಗದವರ ಒಪ್ಪಿಗೆ ಪಡೆದಿದ್ದೇವೆ.

ಉಡುಪಿ ವಕೀಲ:
ಹಾಗಾದರೆ ತಕರಾರಿಲ್ಲ. ಇನ್ನೊಂದು ಮಾತು, ಸೇದುವವರು ಬಯಲು ಎಂದು ಹಟ ಹಿಡಿದರೆ ಕೋಟ್ಪಾ ಒಂದೇ ದಾರಿಯಲ್ಲ. ಯಾವುದೇ ಸ್ಥಳದ ಗಾಳಿಯನ್ನು ಜನರ ಆರೋಗ್ಯಕ್ಕೆ ಹಾನಿಯಾಗುವಂತೆ ಕೆಡಿಸುವುದು ಹಳೆಯ ಭಾರತೀಯ ದಂಡಸಂಹಿತೆಯ 278ನೇ ಸೆಕ್ಷನ್‌ನಲ್ಲಿ ಅಪರಾಧವಾಗಿತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 280ನೇ ಸೆಕ್ಷನ್. ಕೇರಳದ ತೀರ್ಪು ಆಧರಿಸಿದ ನೆಲೆಗಳಲ್ಲಿ ಅದೂ ಒಂದು. ಅಲ್ಲಿಯವರೆಗೆ ಹೋಗಬೇಕು ಎನ್ನುತ್ತಿಲ್ಲ, ಬಯಲಿಗೆ ಕಾನೂನಿಲ್ಲ ಎಂದವರಿಗೆ ತಿಳಿದಿರಲಿ.

ಮೂಲ್ಕಿಯ ಪ್ರೇಕ್ಷಕ:
ಸಮಿತಿಯವರೇ, ನಿಮ್ಮ ಘೋಷಣೆಯ ಮಾತುಗಳನ್ನು ಇಲ್ಲಿ ಹಾಕುತ್ತೀರಾ? ನಮ್ಮ ಸಮಿತಿಯ ಅಧ್ಯಕ್ಷರಿಗೆ ಒಂದು ಪತ್ರ ಬರೆಯುತ್ತಿದ್ದೇನೆ, ಜೊತೆಗೆ ಕೊಡುತ್ತೇನೆ.

ಆಟದ ಸಮಿತಿಯವ:
‘ಪ್ರೇಕ್ಷಕರಲ್ಲಿ ವಿನಂತಿ. ನಮ್ಮ ನಡುವೆ ಮಕ್ಕಳು, ಹಿರಿಯರು, ಉಸಿರಾಟದ ತೊಂದರೆ ಇರುವವರು ಕುಳಿತಿದ್ದಾರೆ. ಬೀಡಿ, ಸಿಗರೇಟು ಸೇದುವವರು ದಯವಿಟ್ಟು ತೋಡಿನ ಆಚೆ ಇಟ್ಟಿರುವ ಮರಳಿನ ಬಕೆಟಿನ ಬಳಿ ಹೋಗಬೇಕು. ಕುರ್ಚಿಗಳ ನಡುವೆ, ಚಪ್ಪರದ ಅಡಿಯಲ್ಲಿ, ಚೌಕಿಯ ಬಳಿ ಸೇದುವಂತಿಲ್ಲ.’ ಇಷ್ಟೇ.

ಬಲ್ಮಠದ ಓದುಗಳು:
ದಂಡ, ಶಿಕ್ಷೆ ಎಂಬ ಮಾತು ಇಲ್ಲದಿರುವುದು ಒಳ್ಳೆಯದಾಯಿತು.

ನಿವೃತ್ತ ಮೇಷ್ಟ್ರು:
ದಂಡದ ಒಂದು ಸಾಲು ಇರಲಿ ಎನ್ನುತ್ತೇನೆ. ವಿನಂತಿಗೆ ಬಗ್ಗದವರು ಪ್ರತಿ ಊರಿನಲ್ಲೂ ಇಬ್ಬರು ಇರುತ್ತಾರೆ.

ಬೈಕಂಪಾಡಿ ಲಾರಿ:
ದಂಡದ ಸಾಲು ಸೇರಿಸಿದ ಕೂಡಲೇ ವಿನಂತಿಗೆ ಬಗ್ಗುವ ಇಪ್ಪತ್ತು ಮಂದಿಯೂ ಸೆಟೆದು ನಿಲ್ಲುತ್ತಾರೆ ಮೇಷ್ಟ್ರೇ. ನನ್ನ ಜಾತಿಯವರನ್ನು ನಾನು ಬಲ್ಲೆ.

ನಿವೃತ್ತ ಮೇಷ್ಟ್ರು:
ಹಾಗಾದರೆ ಫಲಕದಲ್ಲಿ ಬರೆಯಲಿ, ಧ್ವನಿವರ್ಧಕದಲ್ಲಿ ಬೇಡ. ಫಲಕ ಹೇಗೂ ಹಾಕಲೇಬೇಕು.

ಮೂಲ್ಕಿಯ ಪ್ರೇಕ್ಷಕ:
ಎರಡನ್ನೂ ಬರೆದುಕೊಂಡೆ. ಫಲಕದಲ್ಲಿ ದೂರು ಕೇಳುವವರ ಹೆಸರು ಬೇಕಲ್ಲ, ಸಮಿತಿಯಲ್ಲಿ ಯಾರೂ ಮುಂದೆ ಬರದಿದ್ದರೆ ನನ್ನ ಹೆಸರು ಹಾಕಿ ಎಂದು ಪತ್ರದಲ್ಲೇ ಸೇರಿಸಿದ್ದೇನೆ.

ಬೈಕಂಪಾಡಿ ಲಾರಿ:
ದಿನ ಗೊತ್ತಾದರೆ ತಿಳಿಸಿ. ಲೋಡ್ ಇಲ್ಲದ ದಿನವಾದರೆ ಬಂದು ಬಕೆಟಿನ ಹತ್ತಿರ ನಾನೇ ನಿಲ್ಲುತ್ತೇನೆ. ಸೇದುವವನು ಹೇಳಿದರೆ ಸೇದುವವನು ಕೇಳುತ್ತಾನೆ.